ಹೊರಗೆ ಬಿಸಿ, ಒಳಗೆ ತಣ್ಣಗೆ: ಮನೆ ಹತ್ತಿರ ಬುರಿಟೊ ಹುಡುಕುವವರು ಹುಷಾರು

ಮನೆ ಹತ್ತಿರ ಒಳ್ಳೆಯ ಬುರಿಟೊ ಎಲ್ಲಿ ಸಿಗುತ್ತೆ ಅಂತ ಆ್ಯಪ್‌ನಲ್ಲಿ ಹುಡುಕುತ್ತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ಎಷ್ಟು ಸ್ಟಾರ್ ಇದೆ, ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಮಾತ್ರ ನೋಡಿ ಆರ್ಡರ್ ಮಾಡಬೇಡಿ. ಅದನ್ನು ಎಲ್ಲಿ ಮಾಡುತ್ತಾರೆ, ಒಳಗಿನ ಅನ್ನ ಯಾವಾಗಿನದು ಎಂದು ತಿಳಿಯದಿದ್ದರೆ ಬಿಟ್ಟುಬಿಡಿ. ನನ್ನ ತಂಗಿ ಒಂದು ರಾತ್ರಿಯಿಡೀ ಪಟ್ಟ ಪಾಡು ನೋಡಿದ ಮೇಲೆ ಇದನ್ನು ಬರೆಯದೆ ಇರಲು ಆಗುತ್ತಿಲ್ಲ.

ನಮ್ಮಿಬ್ಬರಿಗೂ ಬುರಿಟೊ ಅಂದರೆ ತುಂಬಾ ಇಷ್ಟ. ಕೆಲಸದಿಂದ ಸುಸ್ತಾಗಿ ಬಂದ ದಿನ ಒಂದು ತರಿಸಿಕೊಂಡರೆ ಊಟದ ಚಿಂತೆಯೇ ಇಲ್ಲ. ಅನ್ನ, ಬೀನ್ಸ್, ಮಾಂಸ, ಸೊಪ್ಪು, ಚೀಸ್ ಎಲ್ಲವೂ ಒಂದೇ ಟೊರ್ಟಿಯಾದಲ್ಲಿ, ಅಂದರೆ ಚಪಾತಿಯಂಥ ತೆಳು ರೊಟ್ಟಿಯಲ್ಲಿ, ಸುತ್ತಿರುತ್ತೆ. ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದು. ನಾವು ಮೊದಲು ಹೋಗುತ್ತಿದ್ದ ಅಂಗಡಿ ಮುಚ್ಚಿದ್ದರಿಂದ ಹೊಸದನ್ನು ಹುಡುಕಬೇಕಾಯಿತು. ಆ್ಯಪ್ ಮೊದಲ ಸಾಲಿನಲ್ಲೇ ಒಂದು ಅಂಗಡಿ ತೋರಿಸಿತು. ತೀರಾ ಹತ್ತಿರ, ರೇಟಿಂಗ್ ಭರ್ಜರಿ, ಫೋಟೊ ನೋಡಿದರೆ ಬಾಯಲ್ಲಿ ನೀರೂರುತ್ತಿತ್ತು. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಾರ್ಸೆಲ್ ಬೇಗನೇ ಬಂತು. ಫಾಯಿಲ್ ಕೈಗೆ ಬಿಸಿಬಿಸಿ ತಾಗುತ್ತಿತ್ತು. ತಂಗಿ ಚಿಕನ್ ಬುರಿಟೊ ಹೇಳಿದ್ದಳು, ನಾನು ಮಾಂಸ ಇಲ್ಲದ ಬೀನ್ಸ್ ಬುರಿಟೊ. ಅವಳಿಗೆ ಜೋರು ಹಸಿವು, ತೆಗೆದವಳೇ ತಿನ್ನಲು ಶುರು ಮಾಡಿದಳು. ಅರ್ಧ ಮುಗಿಸಿದ ಮೇಲೆ ನಿಲ್ಲಿಸಿ, "ಅಕ್ಕಾ, ಇದು ನಡುವೆ ತಣ್ಣಗಿದೆ ಕಣೇ" ಅಂದಳು.

ನಾನು ನನ್ನದನ್ನು ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿದೆ. ಟೊರ್ಟಿಯಾದ ಹೊರಮೈ ಕಾವಲಿ ಮೇಲೆ ಚೆನ್ನಾಗಿ ಕೆಂಪಾಗಿತ್ತು. ಅದಕ್ಕೆ ಅಂಟಿಕೊಂಡಿದ್ದ ಚೀಸ್ ಕರಗಿತ್ತು. ಒಂದು ಬೆರಳಿನಷ್ಟು ಒಳಗೆ ಹೋದರೆ ಚೀಸ್ ಎಳೆಗಳು ಎಳೆಗಳಾಗಿಯೇ ಇದ್ದವು. ನಡುವಿನ ಅನ್ನ ಗಟ್ಟಿ ಉಂಡೆಯಾಗಿತ್ತು. ಅಗುಳುಗಳ ತುದಿ ಒಣಗಿ ಬಿಳಿಚಿಕೊಂಡಿದ್ದವು, ಬೆರಳಲ್ಲಿ ಒತ್ತಿದರೆ ಮೆತ್ತಗಾಗದೆ ಮುರಿಯುತ್ತಿದ್ದವು. ಮುಟ್ಟಿದರೆ ಫ್ರಿಜ್‌ನಿಂದ ಈಗಷ್ಟೇ ತೆಗೆದ ಹಾಗೆ ತಣ್ಣಗೆ. ಬೀನ್ಸ್ ಉಗುರುಬೆಚ್ಚಗೆ. ಲೆಟ್ಯೂಸ್ ಸೊಪ್ಪು ಬಾಡಿ ಅದರ ನೀರು ಫಾಯಿಲ್ ತಳದಲ್ಲಿ ಕಂದು ಬಣ್ಣಕ್ಕೆ ನಿಂತಿತ್ತು. ಅಂದರೆ ಹಳೆಯ ಅನ್ನವನ್ನು ಕಾಯಿಸದೆ ತುಂಬಿ, ಸುತ್ತಿ, ಹೊರಗಡೆ ಮಾತ್ರ ಬಿಸಿ ಮಾಡಿ ಕಳಿಸಿದ್ದರು. ವಾಸನೆ ಏನೂ ಇರಲಿಲ್ಲ. ತಂಗಿ ಹೇಳಿದ ಪ್ರಕಾರ ರುಚಿಯೂ ಕೆಟ್ಟಿರಲಿಲ್ಲ. ಭಯ ಇರುವುದೇ ಅಲ್ಲಿ.

ರಾತ್ರಿ ಮಲಗುವ ಹೊತ್ತಿಗೆ ಅವಳಿಗೆ ಹೊಟ್ಟೆ ತೊಳಸಲು ಶುರುವಾಯಿತು. ಆಮೇಲೆ ಒಂದೇ ಸಮನೆ ವಾಂತಿ. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಎದ್ದು ನಿಲ್ಲುವ ಶಕ್ತಿಯೂ ಅವಳಿಗೆ ಇರಲಿಲ್ಲ. ಡಾಕ್ಟರ್ ನೋಡಿ, ಓಆರ್‌ಎಸ್ ಸ್ವಲ್ಪಸ್ವಲ್ಪವೇ ಕುಡಿಸಲು ಹೇಳಿದರು. ಮೊದಲು ಕೇಳಿದ ಪ್ರಶ್ನೆಯೇ "ಅನ್ನ ಇರುವಂಥದ್ದು ಏನಾದರೂ ಹೊರಗಡೆ ತಿಂದಿದ್ದಿರಾ?" ಅಂತ. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸದೆ ಅದೇ ಬುರಿಟೊ ಕಾರಣ ಅಂತ ಸಾಬೀತು ಮಾಡಲಾಗದು, ಅದು ನನಗೂ ಗೊತ್ತು. ಆದರೆ ಆ ದಿನ ನಾವಿಬ್ಬರೂ ಮನೆಯಲ್ಲಿ ಒಂದೇ ತಿಂದಿದ್ದೆವು. ಬುರಿಟೊ ತಿಂದವಳು ಅವಳೊಬ್ಬಳೇ, ಕಾಯಿಲೆ ಬಿದ್ದವಳೂ ಅವಳೊಬ್ಬಳೇ.

ಡಾಕ್ಟರ್ ಅನ್ನದ ಬಗ್ಗೆ ಕೇಳಿದ್ದಕ್ಕೆ ಕಾರಣ ಇದೆ. ಬ್ಯಾಸಿಲಸ್ ಸಿರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಹಸಿ ಅಕ್ಕಿಯಲ್ಲೇ ಇರುತ್ತವೆ, ಅನ್ನ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಬಿಸಿಯಾಗಿಯೂ ಇಡದೆ, ಬೇಗ ಫ್ರಿಜ್‌ಗೂ ಹಾಕದೆ ಹೊರಗೆ ಬಿಟ್ಟರೆ ಅವು ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ಆ ವಿಷ ಎಷ್ಟು ಗಟ್ಟಿ ಅಂದರೆ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇನ್ನೊಂದು ಬಗೆ ಇದೆ, ಅದರಲ್ಲಿ 6ರಿಂದ 15 ಗಂಟೆ ಕಳೆದ ಮೇಲೆ ಹೊಟ್ಟೆನೋವು, ಭೇದಿ. ಬೀನ್ಸ್, ಮಾಂಸಕ್ಕೂ ಇಂಥದ್ದೇ ಒಂದು ಕಾಟ ಇದೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ. ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಹಾಗೇ ಆರಲು ಬಿಟ್ಟರೆ, ಇಲ್ಲವೇ ಉಗುರುಬೆಚ್ಚಗೆ ಇಟ್ಟುಕೊಂಡರೆ ಅದು ಬೆಳೆಯುತ್ತದೆ. ಬುರಿಟೊದಲ್ಲಿ ಅನ್ನ, ಬೀನ್ಸ್, ಮಾಂಸ ಮೂರೂ ಒಟ್ಟಿಗೆ ಇರುತ್ತವೆ ನೋಡಿ.

ದೊಡ್ಡ ಕಂಪನಿಗಳಲ್ಲಿ ಹೀಗೆಲ್ಲ ಆಗಲ್ಲ ಅಂದುಕೊಳ್ಳುವವರೂ ಇದ್ದಾರೆ. 2018ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಪವೆಲ್‌ನಲ್ಲಿ ಬುರಿಟೊಗೆ ಹೆಸರಾದ ಚಿಪೋಟ್ಲೆ ಕಂಪನಿಯ ಒಂದೇ ಮಳಿಗೆಯಲ್ಲಿ ತಿಂದು ಸುಮಾರು 650 ಜನ ಕಾಯಿಲೆ ಬಿದ್ದರು. ಕಾರಣ ಇದೇ ಪರ್ಫ್ರಿಂಜೆನ್ಸ್. ಆಹಾರವನ್ನು ಸರಿಯಾದ ಶಾಖದಲ್ಲಿ ಇಟ್ಟಿರಲಿಲ್ಲ ಎಂದು ತನಿಖೆಯಲ್ಲಿ ಹೊರಬಂತು. ಇದೂ ಸೇರಿ ಕೆಲವು ಪ್ರಕರಣಗಳಿಗಾಗಿ ಆ ಕಂಪನಿ 2020ರಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗೆ ಆಗುತ್ತದೆ ಅಂದಮೇಲೆ, ಯಾರೂ ಒಳಗೆ ಇಣುಕದ ಅಡುಗೆಮನೆ ಹೇಗಿರಬೇಡ?

ಅದನ್ನೂ ನೋಡಿ ಬಂದೆ. ತಂಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಬಿಲ್‌ನಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಅಲ್ಲಿ ಅಂಗಡಿಯೇ ಇರಲಿಲ್ಲ. ಅರ್ಧ ಇಳಿಸಿದ ಶಟರ್, ಪಕ್ಕದಲ್ಲೊಂದು ಸಣ್ಣ ಕಿಟಕಿ, ಎದುರಿಗೆ ಡೆಲಿವರಿ ಹುಡುಗರ ಸಾಲು. ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಬೇರೆ ಬೇರೆ ಹೋಟೆಲ್‌ಗಳ ಹೆಸರು: ಒಂದು ಪಿಜ್ಜಾ, ಒಂದು ಚಿಕನ್ ವಿಂಗ್ಸ್, ಒಂದು ಬರ್ಗರ್, ಕೊನೆಗೆ ನಮ್ಮ ಬುರಿಟೊ. ಎಲ್ಲವೂ ಅದೇ ಒಂದು ಅಡುಗೆಮನೆ. ಕಿಟಕಿಯಲ್ಲಿದ್ದ ಹುಡುಗನನ್ನು ಕೇಳಿದೆ, "ಅನ್ನ ದಿನಾ ಇಲ್ಲೇ ಮಾಡ್ತೀರೇನಪ್ಪಾ?" ಅವನು ಪಾಪ, ಮುಚ್ಚಿಡದೆ ಹೇಳಿದ: "ಇಲ್ಲ ಮೇಡಂ, ಮಾಡಿರೋದು ಬರುತ್ತೆ. ನಾವು ತುಂಬಿ ಕಳಿಸ್ತೀವಿ ಅಷ್ಟೇ." ಅವನ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬನೇ ಅಷ್ಟೂ ಹೆಸರಿನ ಆರ್ಡರ್ ನೋಡಿಕೊಳ್ಳುತ್ತಿದ್ದ.

ಹೀಗೆ ಒಂದೇ ಅಡುಗೆಮನೆಯಿಂದ ಹತ್ತಾರು ಹೆಸರಲ್ಲಿ ಮಾರುವುದು ಈಗ ಎಲ್ಲ ಕಡೆ ಇದೆ. 2023ರಲ್ಲಿ ಊಬರ್ ಈಟ್ಸ್ ಉತ್ತರ ಅಮೆರಿಕದಲ್ಲಿ ಇಂಥ ಸಾವಿರಾರು ಹೆಸರುಗಳನ್ನು ತನ್ನ ಆ್ಯಪ್‌ನಿಂದ ತೆಗೆದುಹಾಕಲು ಹೊರಟಿತು. ಒಂದೇ ಮೆನು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು, ಅದಕ್ಕೆ. ಈ ರೀತಿ ನಡೆಸುವ ಎಲ್ಲರೂ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಶುಚಿಯಾಗಿ ಮಾಡುವವರೂ ಇದ್ದಾರೆ. ಆದರೆ ಒಂದು ಹೆಸರು ಕೆಟ್ಟರೆ ಇನ್ನೊಂದು ಹೆಸರು ಹಾಕಿಕೊಳ್ಳಬಹುದು ಅಂತಾದರೆ ಜಾಗ್ರತೆ ವಹಿಸುವ ಒತ್ತಡವೇ ಇರುವುದಿಲ್ಲ ಅಲ್ವಾ? ಹೆಸರು ಹಾಕಿ ಉಪಯೋಗವಿಲ್ಲ ಅಂದಿದ್ದು ಇದಕ್ಕೇ. ನೀವು ನೋಡಬೇಕಾದ್ದು ವಿಳಾಸ. ಅದೇ ವಿಳಾಸವನ್ನು ಮ್ಯಾಪ್‌ನಲ್ಲಿ ಹಾಕಿ, ಅಲ್ಲಿ ಇನ್ನೂ ಏನೇನು ನಡೆಯುತ್ತಿದೆ ನೋಡಿ. ಆ್ಯಪ್‌ನಲ್ಲಿ ಹಾಕಿರುವ ಫೋಟೊ ಬೇರೆ ಯಾವುದೋ ಅಂಗಡಿಯದ್ದೂ ಆಗಿರಬಹುದು, ಗಿರಾಕಿಗಳು ತೆಗೆದು ಹಾಕಿದ ಫೋಟೊ ಮಾತ್ರ ನಂಬಿ.

ರೇಟಿಂಗ್ ಕಥೆಯೂ ಕೇಳಿ. ನಾನು ಫೋಟೊ ಸಮೇತ ಒಂದು ಸ್ಟಾರ್ ಕೊಟ್ಟೆ. ಮಾರನೇ ದಿನವೇ ಆ ಕಡೆಯಿಂದ ಮೆಸೇಜ್ ಬಂತು, ತುಂಬಾ ನಯವಾಗಿ. ಹಣ ವಾಪಸ್ ಕೊಡುತ್ತೇವೆ, ಜೊತೆಗೆ ಫ್ರೀ ಬುರಿಟೊ ಕೂಪನ್ ಕೊಡುತ್ತೇವೆ, ರೇಟಿಂಗ್ ಐದು ಮಾಡಿಬಿಡಿ ಅಂತ. ತಂಗಿಯ ಆರೋಗ್ಯ ಹೇಗಿದೆ ಅಂತ ಒಂದು ಮಾತಿಲ್ಲ. ನಾನು ಒಪ್ಪಲಿಲ್ಲ. ಹೀಗೆ ಏನಾದರೂ ಕೊಟ್ಟು ಹೊಗಳಿಕೆ ಬರೆಸಿಕೊಳ್ಳುವುದನ್ನು ಅಮೆರಿಕದಲ್ಲಿ 2024ರಲ್ಲಿ ನಿಯಮ ಮಾಡಿಯೇ ನಿಷೇಧಿಸಿದ್ದಾರೆ. ಆ ಭರ್ಜರಿ ರೇಟಿಂಗ್‌ನ ಹಿಂದೆ ಇಂಥ ಕೂಪನ್ ಎಷ್ಟಿವೆಯೋ! ಅದಕ್ಕೇ ನಾನು ಈಗ ಎರಡು, ಮೂರು ಸ್ಟಾರ್ ಕೊಟ್ಟವರ ಮಾತನ್ನೇ ಮೊದಲು ಓದುತ್ತೇನೆ. ಸಿಟ್ಟಿನಲ್ಲಿ ಬೈದವರು, ಹೊಗಳಿದವರು ಬೇಡ. "ನಡುವೆ ತಣ್ಣಗಿತ್ತು", "ಅನ್ನ ಗಟ್ಟಿ" ಅಂತ ಸುಮ್ನೆ ಒಂದು ಸಾಲು ಬರೆದು ಹೋದವರು ಸಿಕ್ಕರೆ ಅಲ್ಲಿಂದ ಆರ್ಡರ್ ಮಾಡುವುದಿಲ್ಲ.

ಕೌಂಟರ್ ಮುಂದೆ ನಿಂತು ಮಾಡಿಸಿಕೊಳ್ಳುವ ಅಂಗಡಿ ಇದ್ದರೆ ಮೊದಲ ಸಲ ಅಲ್ಲಿಗೆ ಹೋಗಿಯೇ ತಿನ್ನಿ. ಬಿಸಿ ಟ್ರೇಗಳ ಮೇಲೆ ಹಬೆ ಕಾಣಬೇಕು. ಅಮೆರಿಕದ ಫುಡ್ ಕೋಡ್ (ಆಹಾರ ಸುರಕ್ಷತೆಯ ಮಾದರಿ ನಿಯಮಗಳು) ಪ್ರಕಾರ ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ಇಂಗ್ಲೆಂಡ್‌ನಲ್ಲಿ 63. ಸೋರ್ ಕ್ರೀಮ್ (ಹುಳಿ ಕೆನೆ), ಚೀಸ್, ಕತ್ತರಿಸಿದ ಲೆಟ್ಯೂಸ್‌ನಂಥ ತಣ್ಣನೆಯವು ಸುಮಾರು 5 ಡಿಗ್ರಿಯಲ್ಲಿರಬೇಕು. ನಾವು ಥರ್ಮಾಮೀಟರ್ ಇಟ್ಟು ನೋಡಲಾಗದು, ನಿಜ. ಆದರೆ ಕಣ್ಣಿಗೆ ಕಾಣುವುದು ಎಷ್ಟೋ ಇದೆ. ಆಮೇಲೆ ನಾನು ಹೋಗಿದ್ದ ಒಂದು ಅಂಗಡಿಯಲ್ಲಿ ಅನ್ನದ ಟ್ರೇ ತಳಕ್ಕೆ ಬಂದಿತ್ತು, ಅಂಚಿನಲ್ಲಿ ಒಣಗಿದ ಅಗುಳು. ಅಲ್ಲಿದ್ದವರು ಆ ಹಳೆಯದರ ಮೇಲೆಯೇ ಹೊಸ ಅನ್ನ ಸುರಿದು ಸೌಟಿನಲ್ಲಿ ಕಲಸಿಬಿಟ್ಟರು. ಹೀಗೆ ಮಾಡಿದರೆ ತಳದಲ್ಲಿರುವ ಅನ್ನ ಬೆಳಗ್ಗಿನಿಂದಲೂ ಅಲ್ಲೇ ಉಳಿದುಬಿಡುತ್ತದೆ. ನಾನು ಹಣ ಕೊಡುವ ಮುಂಚೆಯೇ ಹೊರಗೆ ಬಂದೆ. ಖಾಲಿ ಟ್ರೇ ಎತ್ತಿ ಒಳಗೊಯ್ದು ಬೇರೆ ಟ್ರೇ ತರುವ ಅಂಗಡಿ ಸಿಕ್ಕರೆ ಬಿಡಬೇಡಿ.

ಬುರಿಟೊ ದಪ್ಪಗಿದ್ದಷ್ಟೂ ಒಳ್ಳೆಯದು ಅನ್ನುವ ಆಸೆಯನ್ನೂ ಸ್ವಲ್ಪ ಬಿಡಬೇಕು. ಮೆಕ್ಸಿಕೊದ ಉತ್ತರ ಭಾಗದಲ್ಲಿ, ಚಿವಾವಾ ಕಡೆ ಮಾಡುವ ಬುರಿಟೊ ತೆಳ್ಳಗಿರುತ್ತದೆ, ಒಂದೋ ಎರಡೋ ಹೂರಣ, ಸಾಮಾನ್ಯವಾಗಿ ಅನ್ನ ಇರುವುದಿಲ್ಲ. ಅನ್ನ, ಬೀನ್ಸ್, ಸೋರ್ ಕ್ರೀಮ್ ಎಲ್ಲ ತುಂಬಿ ಫಾಯಿಲ್ ಸುತ್ತುವ ದಪ್ಪ ಬುರಿಟೊ 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಹೆಸರಾಯಿತು. ಅದು ರುಚಿಯಾದದ್ದೇ, ನನಗೂ ಇಷ್ಟ. ಆದರೆ ಅದನ್ನು ಬಿಸಿ ಪದಾರ್ಥ ಬಿಸಿಯಾಗಿರುವಾಗಲೇ ತುಂಬಿ ಸುತ್ತಬೇಕು. ಸುತ್ತಿದ ಮೇಲೆ ಕಾವಲಿ ಮೇಲೆ ಎಷ್ಟು ಹೊರಳಿಸಿದರೂ ಶಾಖ ನಡುವಿಗೆ ಹೋಗುವುದಿಲ್ಲ. ನಂಬಿಕೆ ಬರದ ಕಡೆ ಅನ್ನ ಬೇಡ ಅನ್ನಿ. ಸ್ಯಾನ್ ಡಿಯೇಗೊ ಕಡೆಯ ಕ್ಯಾಲಿಫೋರ್ನಿಯಾ ಬುರಿಟೊದಲ್ಲಿ ಅನ್ನದ ಬದಲು ಫ್ರೆಂಚ್ ಫ್ರೈಸ್ ಹಾಕುತ್ತಾರೆ, ಅದು ಸಿಕ್ಕರೂ ಆಯಿತು. ಸಾಲ್ಸಾ (ಟೊಮೆಟೊ ಚಟ್ನಿಯಂಥದ್ದು), ಲೆಟ್ಯೂಸ್ ಬೇರೆ ಡಬ್ಬಿಯಲ್ಲಿ ಕೇಳಿ.

ಮನೆಗೆ ತಂದ ತಕ್ಷಣ ನಡುವೆ ಕತ್ತರಿಸಿ ನೋಡಿ. ಕಚ್ಚುವ ಮುಂಚೆಯೇ. ಉಗುರುಬೆಚ್ಚಗಿದ್ದರೆ ಮೈಕ್ರೊವೇವ್‌ನಲ್ಲಿಟ್ಟು ತಿಂದರಾಯಿತು ಅಂದುಕೊಳ್ಳಬೇಡಿ, ಆ ವಿಷ ಕಾಯಿಸಿದರೆ ಹೋಗುವಂಥದ್ದಲ್ಲ. ವಾಪಸ್ ಕೊಡಿ, ಆಗದಿದ್ದರೆ ಎಸೆದುಬಿಡಿ. ಚೆನ್ನಾಗಿದ್ದು ಅರ್ಧ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಮರುದಿನ ಫಾಯಿಲ್ ತೆಗೆದು ನಡುವಿನ ತನಕ ಹಬೆಯಾಡುವಷ್ಟು ಬಿಸಿ ಮಾಡಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಇರುವ ಮನೆಯಲ್ಲಿ ಇನ್ನೂ ಜಾಸ್ತಿ ಜಾಗ್ರತೆ ಬೇಕು. ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ.

ನಾನು ಆಹಾರ ಸುರಕ್ಷತೆ ಇಲಾಖೆಗೆ ದೂರು ಕೊಟ್ಟಾಗ ಅವರು ಕೇಳಿದ್ದು ಬಿಲ್, ಆರ್ಡರ್ ಬಂದ ಸಮಯ, ತಿಂದ ಸಮಯ, ವಾಂತಿ ಶುರುವಾದ ಸಮಯ, ಡಾಕ್ಟರ್ ಚೀಟಿ. ಉಳಿದ ತುಂಡು ಇದೆಯಾ ಅಂತಲೂ ಕೇಳಿದರು. ಅದನ್ನು ಕವರ್‌ಗೆ ಹಾಕಿ, ಯಾರೂ ತಿನ್ನದ ಹಾಗೆ ಹೆಸರು ಬರೆದು ಫ್ರಿಜ್‌ನಲ್ಲಿ ಇಟ್ಟಿದ್ದೆ, ಕೊಟ್ಟುಬಂದೆ. ಪರಿಶೀಲನೆ ಇನ್ನೂ ನಡೆಯುತ್ತಿದೆ. ಅಷ್ಟರಲ್ಲಿ ಅದೇ ವಿಳಾಸದಲ್ಲಿ ಮತ್ತೊಂದು ಹೆಸರು ಬಂದಿದೆ, ಈ ಸಲ ಬುರಿಟೊ ಬೌಲ್ ಅಂತೆ. ಆ್ಯಪ್ ಅದನ್ನು "ಹೊಸದು" ಎಂದು ಮೇಲೆಯೇ ತೋರಿಸುತ್ತಿದೆ, ಇನ್ನೂ ಒಂದೂ ಕೆಟ್ಟ ರೇಟಿಂಗ್ ಇಲ್ಲ. ಆರ್ಡರ್ ಒತ್ತುವ ಮುಂಚೆ ಕೆಳಗೆ ಸಣ್ಣ ಅಕ್ಷರದಲ್ಲಿರುವ ವಿಳಾಸ ಓದಿ.