ಹಳೇ ಅಟ್ಲಾಸ್, 120 ರೂಪಾಯಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ರಸ್ತೆ ಬದಿಗೆ ಹಳೇ ಪುಸ್ತಕ ಮಾರುವ ಕಾಕಾ ಒಬ್ಬರಿದ್ದಾರೆ. ಕಳೆದ ತಿಂಗಳು ಅವರ ಹತ್ತಿರ ಒಂದು ಶಾಲಾ ಅಟ್ಲಾಸ್ ಕೊಂಡೆ. 1983ರಲ್ಲಿ ಅಚ್ಚಾದದ್ದು.

"ಹಳೇದು ಅದ ತಂಗಿ, ಪರೀಕ್ಷಾಕ್ಕ ನಡಿಯಂಗಿಲ್ಲ ನೋಡು" ಅಂದರು.

"ಹಳೇದೇ ಬೇಕ್ರಿ ಕಾಕಾ."

150 ಹೇಳಿದರು, 120ಕ್ಕೆ ಕೊಟ್ಟರು.

ನಾನು ಇಲ್ಲೇ ಇತಿಹಾಸ ಎಂಎ ಓದುತ್ತಿದ್ದೇನೆ. 20ನೇ ಶತಮಾನದ ಜಗತ್ತಿನ ಪೇಪರಿಗೆ ನನ್ನ ಹತ್ತಿರ ಇದ್ದದ್ದು ಝೆರಾಕ್ಸ್ ನೋಟ್ಸು, ಒಂದು ಗೈಡು. ಗೈಡಿನ ತುಂಬ ಇಸವಿಗಳು. ನಕ್ಷೆ ಒಂದೂ ಇಲ್ಲ.

ಬರ್ಲಿನ್ ವಿಷಯವನ್ನೇ ತಗೊಳ್ಳಿ. ಊರು ಎರಡಾಯಿತು, 1961ರಲ್ಲಿ ಗೋಡೆ ಎದ್ದಿತು ಅಂತ ಓದಿ, ಅದು ಎರಡು ಜರ್ಮನಿಗಳ ಗಡಿ ಮೇಲೇ ಇದೆ ಅಂದುಕೊಂಡಿದ್ದೆ. ನನ್ನ ರೂಮಿನ ಗೆಳತಿಯರೂ ಹಾಗೇ ತಿಳಿದಿದ್ದರು. ಅಟ್ಲಾಸ್ ತೆರೆದರೆ ಬರ್ಲಿನ್ ಪೂರ್ವ ಜರ್ಮನಿಯ ನಡುವೆ ಕೂತಿದೆ! ಗಡಿಯಿಂದ ದಾರ ಹಿಡಿದು ಅಳೆದೆ. ಸುಮಾರು 160 ಕಿಲೋಮೀಟರ್ ಬಂತು. 1948ರ ಜೂನ್‌ನಲ್ಲಿ ಸೋವಿಯತ್‌ನವರು ರಸ್ತೆ, ರೈಲು, ಕಾಲುವೆ ಎಲ್ಲ ಬಂದ್ ಮಾಡಿದರು. ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿದ್ದ ಪಶ್ಚಿಮ ಬರ್ಲಿನ್‌ನ 20 ಲಕ್ಷಕ್ಕೂ ಜಾಸ್ತಿ ಜನಕ್ಕೆ ಹಿಟ್ಟು, ಕಲ್ಲಿದ್ದಲು ವಿಮಾನದಲ್ಲೇ ಯಾಕೆ ಬರಬೇಕಾಯಿತು ಅನ್ನೋದು ಆ ದಾರ ಕೈಯಲ್ಲಿದ್ದಾಗ ತಿಳಿಯಿತು. 1949ರ ಮೇ ತಿಂಗಳಲ್ಲಿ ದಾರಿ ಬಿಟ್ಟರು. ವಿಮಾನಗಳು ಒಟ್ಟು 2.75 ಲಕ್ಷಕ್ಕೂ ಜಾಸ್ತಿ ಸಲ ಹಾರಿದ್ದವು.

ನಮ್ಮ ಆಯಿ ಸಣ್ಣಾಕಿ ಇದ್ದಾಗ ಹೈದರಾಬಾದ್ ನಿಜಾಮನ ಪರ ಇದ್ದ ರಜಾಕಾರರ ಹೆದರಿಕೆಗೆ ಮನೆಯವರೆಲ್ಲ ಹೊಲದಲ್ಲಿ ರಾತ್ರಿ ಕಳೆದದ್ದೂ 1948ರಲ್ಲೇ. ಸೆಪ್ಟೆಂಬರ್ 17ಕ್ಕೆ ನಿಜಾಮನ ಕಡೆಯವರು ಸೋಲು ಒಪ್ಪಿದರಲ್ವಾ, ಆ ದಿನವೂ ಬರ್ಲಿನ್‌ಗೆ ವಿಮಾನ ಇಳಿಯುತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಸೋವಿಯತ್ ಒಕ್ಕೂಟ ಎರಡು ಪುಟ ತುಂಬ ಒಂದೇ ಬಣ್ಣದಲ್ಲಿದೆ. 1991ರಲ್ಲಿ ಅದು ಒಡೆದು ಆದ 15 ದೇಶಗಳ ಗಡಿಯನ್ನು ಫೋನ್ ನೋಡಿಕೊಂಡು ಪೆನ್ಸಿಲ್‌ನಲ್ಲಿ ಎಳೆದೆ. ಒಂದು ಸಂಜೆ ಪೂರ್ತಿ ಹೋಯಿತು. ಮಧ್ಯ ಏಷ್ಯಾದ ಐದು ದೇಶ ಇನ್ನು ಮರೆಯೋದಿಲ್ಲ. ಯುಗೊಸ್ಲಾವಿಯಾ ಇನ್ನೂ ಬಾಕಿ ಇದೆ.

ಕೊರತೆಯೂ ಇದೆ. ಹೊಲಿಗೆ ಬಿಚ್ಚಿದೆ, ಆಫ್ರಿಕಾದ ಹಾಳೆ ಕೈಗೇ ಬರುತ್ತದೆ. ಕೊನೆಯಲ್ಲಿ ಊರಿನ ಹೆಸರು ಹುಡುಕುವ ಪುಟಗಳನ್ನು ಗೆದ್ದಲು ತಿಂದಿದೆ. ಮೊದಲ ಮಹಾಯುದ್ಧಕ್ಕಂತೂ ಇದು ಸಾಲದು. ಆಸ್ಟ್ರಿಯಾ-ಹಂಗೇರಿ, ಆಟೊಮನ್ ಸಾಮ್ರಾಜ್ಯ ಇದರಲ್ಲಿ ಎಲ್ಲಿಂದ ಸಿಗಬೇಕು? ಅವು ಇಲ್ಲದೆ 1914 ಅರ್ಥ ಆಗೋದಿಲ್ಲ.

ಆದರೂ ಈ ಪೇಪರ್ ಓದುವವರು ಹೊಸ ಗೈಡು ಕೊಳ್ಳುವ ಮೊದಲು ಆ ಕಾಕಾ ಹತ್ತಿರ ಹೋಗಿ. ಅಟ್ಲಾಸ್‌ಗಳು ಕೆಳಗಿನ ಸಾಲಿನಲ್ಲಿ, ಡಿಕ್ಷನರಿಗಳ ಹಿಂದೆ ಇರುತ್ತವೆ. ಅಚ್ಚಾದ ವರ್ಷ ನೋಡಿ ತಗೊಳ್ಳಿ, 1990ರ ಒಳಗಿನದೇ ಇರಲಿ. 1914ಕ್ಕಿಂತ ಮುಂಚಿನದು ಸಿಕ್ಕರೆ ತೆಗೆದಿಡಿ ಅಂತ ನಾನು ಹೇಳಿ ಬಂದಿದ್ದೇನೆ. ಕಾಕಾ ನನ್ನ ನಂಬರ್ ಬರೆದುಕೊಂಡಿದ್ದಾರೆ.