ದಕ್ಷಿಣ ಮಹಾಸಾಗರಕ್ಕೆ ಆರ್ಗೋ ಡೇಟಾ: ಪ್ರೊಫೈಲ್‌ಗೆ ಪೂರ್ತಿ ಮಾರ್ಕ್ಸ್, ಚಳಿಗಾಲದ ಲೊಕೇಶನ್‌ಗೆ ಇಲ್ಲ

ಆರ್ಗೋ ಫ್ಲೋಟ್ ಅಂದ್ರೆ ಸಮುದ್ರದಲ್ಲಿ ತಾನಾಗೇ ತೇಲ್ಕೊಂಡು ನೀರಿನ ಉಷ್ಣತೆ, ಲವಣಾಂಶ ಅಳೆಯೋ ಯಂತ್ರ. ಸಾವಿರ ಮೀಟರ್ ಆಳದಲ್ಲಿ ತೇಲ್ತಾ ಇರುತ್ತೆ, ಹತ್ತು ದಿನಕ್ಕೊಮ್ಮೆ ಎರಡು ಸಾವಿರಕ್ಕೆ ಇಳಿದು ಅಳೀತಾ ಮೇಲೆ ಬರುತ್ತೆ (ಹಿಂಗೆ ಒಂದು ಸಲಕ್ಕೆ ಸಿಗೋ ಅಳತೆಗಳ ಸಾಲೇ ಪ್ರೊಫೈಲ್), ಸ್ಯಾಟಲೈಟ್‌ಗೆ ಕಳಿಸಿ ಮತ್ತೆ ಮುಳುಗುತ್ತೆ, ಅಷ್ಟು ಸಾಕು. ನಾನು ಬರೀತಿರೋದು 60 ಡಿಗ್ರಿ ದಕ್ಷಿಣದಿಂದಾಚೆ ಈ ಡೇಟಾ ಬಳಸೋದು ಹೆಂಗಿರುತ್ತೆ ಅಂತ. ಸುಮಾರು ವರ್ಷಗಳಿಂದ ನನ್ನ ಎಲ್ಲಾ ಮ್ಯಾಪ್‌ಗೂ ಇದೇ ಆಧಾರ, ಬಿಸಿ ಸಮುದ್ರಗಳಲ್ಲಿ ಬಳಸಿದೋರು ಹೊಗಳೋದನ್ನ ಕೇಳ್ಕೊಂಡು ನೇರ ಅಂಟಾರ್ಕ್ಟಿಕಾ ಕಡೆಗೆ ಬಂದ್ರೆ ಒಂದು ಕಡೆ ಜೋರಾಗಿ ಎಡವ್ತೀರಿ.

ಎಡವೋ ಜಾಗ ಯಾವ್ದು ಅಂದ್ರೆ ಆ ನೇರ ಗೆರೆ. ಅಲ್ಲಿ ಚಳಿಗಾಲ ಶುರುವಾಗೋ ಮೇ ತಿಂಗಳಲ್ಲಿ ಫ್ಲೋಟ್ ಕೊನೇ ಸಲ ಲೊಕೇಶನ್ ಕೊಟ್ಟು ಐಸ್ ಕೆಳಗೆ ಹೋಗುತ್ತೆ, ಡಿಸೆಂಬರ್‌ನಲ್ಲಿ ಎಲ್ಲೋ ಮೇಲೆ ಬರುತ್ತೆ, ನಡುವೆ ಅದು ಎಲ್ಲಿತ್ತು ಅಂತ ಯಾರಿಗೂ ಗೊತ್ತಿಲ್ಲ, ನಾನು ಬಳಸೋ ಪ್ಲಾಟಿಂಗ್ ಸಾಫ್ಟ್‌ವೇರ್ ಮಾತ್ರ ಎರಡು ಚುಕ್ಕಿ ಮಧ್ಯೆ ಗೆರೆ ಎಳೆದು ಎಲ್ಲಾ ಪ್ರೊಫೈಲ್‌ನೂ ಅದರ ಮೇಲೆ ಸಮಾ ದೂರಕ್ಕೆ ಕೂರಿಸ್ಬಿಡುತ್ತೆ. ಅಂಟಾರ್ಕ್ಟಿಕಾ ಪಕ್ಕದ ವೆಡೆಲ್ ಸಮುದ್ರದ ಅಂಚಲ್ಲಿ ಒಂದು ಫ್ಲೋಟ್ ನೋಡ್ತಿದ್ದೆ, ಜುಲೈ ತಿಂಗಳ ಪ್ರೊಫೈಲ್ 1900 ಮೀಟರ್ ತನಕ ಆರಾಮಾಗಿ ಇಳಿದಿದೆ, ಗೆರೆ ಹಾದು ಹೋಗಿರೋದು ಸಾವಿರ ಮೀಟರೂ ಆಳ ಇಲ್ಲದ ಜಾಗದ ಮೇಲೆ! ಅಂದ್ರೆ ಆ ಚುಕ್ಕಿ ಪ್ರಕಾರ ಫ್ಲೋಟ್ ನೆಲ ಕೊರ್ಕೊಂಡು ಹೋಗಿರ್ಬೇಕು. ಫೈಲ್ ಒಳಗೆ ಲೊಕೇಶನ್ ಪಕ್ಕ 8 ಅಂತ ಫ್ಲ್ಯಾಗ್ ಇರುತ್ತೆ, ಅಳೆದಿದ್ದಲ್ಲ ಲೆಕ್ಕ ಹಾಕಿ ತುಂಬಿದ್ದು ಅಂತ ಅದರರ್ಥ, ಆದ್ರೆ ಮ್ಯಾಪ್ ಮೇಲೆ ಅದೂ ಜಿಪಿಎಸ್ ಚುಕ್ಕಿನೂ ಒಂದೇ ಥರ ಕಾಣುತ್ತೆ. ಇದನ್ನ ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ತಪ್ಪು ಫ್ಲೋಟ್‌ದಲ್ಲ ಬಿಡಿ. ಐಸ್‌ಗೆ ತಲೆ ಹೊಡೆದ್ರೆ ಆಂಟೆನಾ ಹೋಯ್ತು, ಅದಕ್ಕೇ ಮೇಲೆ ಬರೋವಾಗ 50ರಿಂದ 20 ಮೀಟರ್ ನಡುವಿನ ಉಷ್ಣತೆ ನೋಡ್ಕೊಳ್ಳುತ್ತೆ, ಅದು ಮೈನಸ್ 1.79 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗಿಂತ ಕೆಳಗಿದ್ರೆ ಮೇಲೆ ಐಸ್ ಇರ್ಬೇಕು ಅಂತ ಅಂದಾಜು ಮಾಡಿ, ಅಳೆದಿದ್ದನ್ನ ಒಳಗೇ ಇಟ್ಕೊಂಡು ವಾಪಸ್ ಇಳಿಯುತ್ತೆ. ಬೇಸಿಗೆ ಬಂದು ಐಸ್ ಕರಗಿದ್ರೂ ಚಳಿಗಾಲದ ತಣ್ಣೀರಿನ ಪದರ ಕೆಳಗೆ ಉಳ್ಕೊಂಡಿರುತ್ತಲ್ಲ, ಅದನ್ನ ನೋಡಿ ಮೋಸ ಹೋಗಿ ಫ್ಲೋಟ್ ಇನ್ನೂ ಕೆಲವು ಸಲ ಮೇಲೆ ಬರೋದೇ ಇಲ್ಲ, ಕಾಯೋದು ಬಿಟ್ರೆ ಬೇರೆ ದಾರಿ ಇಲ್ಲ.

ನನ್ನ ದಿನ ಶುರುವಾಗೋದೇ ಈ ಕಾಯೋದ್ರಿಂದ. ನವೆಂಬರ್ ಬಂತು ಅಂದ್ರೆ ಬೆಳಿಗ್ಗೆ ಎದ್ದ ತಕ್ಷಣ ನಾನು ಆರಿಸಿಟ್ಟಿರೋ ಫ್ಲೋಟ್‌ಗಳ ಪಟ್ಟಿ ತೆಗೆದು ಯಾರಾದ್ರೂ ಬಾಯಿ ಬಿಟ್ರಾ ಅಂತ ನೋಡ್ತೀನಿ. ಒಂದಿನ ಒಂದು ಬಿಡುತ್ತೆ, ಆಗ ಬರೋದು ಒಂದು ಪ್ರೊಫೈಲ್ ಅಲ್ಲ, ಇಡೀ ಚಳಿಗಾಲ! ನಾನು ಎಲ್ಲಾ ಒಟ್ಟಿಗೆ ತೆಗೆಯಲ್ಲ, ಮೇ ತಿಂಗಳಿಂದ ಒಂದೊಂದಾಗಿ ತೆಗೀತೀನಿ. ಮೊದ್ಲು ಉಷ್ಣತೆ-ಲವಣಾಂಶದ ಗ್ರಾಫ್, ಆಮೇಲೆ ಆಕ್ಸಿಜನ್, ಆಮೇಲೆ ನೈಟ್ರೇಟ್, ಪಿಎಚ್. ಐಸ್ ಕಟ್ಟುವಾಗ ಉಪ್ಪನ್ನ ನೀರಿಗೆ ಬಿಡುತ್ತೆ, ಮೇಲಿನ ಪದರ ವಾರವಾರಕ್ಕೂ ಉಪ್ಪಾಗ್ತಾ ದಪ್ಪ ಆಗ್ತಾ ಹೋಗುತ್ತೆ, ಕೆಳಗಿನ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಬೆರೆಯುತ್ತೆ, ಅದರಲ್ಲಿ ಆಕ್ಸಿಜನ್ ಕಮ್ಮಿ ನೈಟ್ರೇಟ್ ಜಾಸ್ತಿ, ಮೇಲಿಂದ ಗಾಳಿಗೆ ಐಸ್ ಮುಚ್ಚಳ ಹಾಕಿರೋದ್ರಿಂದ ಆಕ್ಸಿಜನ್ ಇಳೀತಾನೇ ಇರುತ್ತೆ. ಆಮೇಲೆ ಬೆಳಕು ಬಂದು ಐಸ್ ತೆಳುವಾದ್ಮೇಲೆ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿಗಳು ಎದ್ದು ನೈಟ್ರೇಟ್ ಧಡಕ್ಕಂತ ಇಳಿದು ಆಕ್ಸಿಜನ್ ಮೇಲೇರುತ್ತೆ. ಜುಲೈನಲ್ಲಿ ಆ ಐಸ್ ಒಳಗೆ ಹೋಗೋ ಹಡಗು ಎಷ್ಟಿದಾವೆ ಹೇಳಿ. ಇದನ್ನ ಒಂದು ಹಳೇ ಲ್ಯಾಪ್‌ಟಾಪ್ ಮೇಲೆ, ಒಂದು ಪೈಸೆ ಕೊಡದೆ ನೋಡ್ತೀನಿ ಅಂದ್ರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. 2014ರಲ್ಲಿ ದಕ್ಷಿಣ ಮಹಾಸಾಗರದ ಇಂಗಾಲ ಅಧ್ಯಯನ ಮಾಡೋ ಸಾಕಾಮ್ (SOCCOM) ಯೋಜನೆಯೋರು ಪಿಎಚ್, ನೈಟ್ರೇಟ್ ಸೆನ್ಸರ್ ಇರೋ ಫ್ಲೋಟ್‌ಗಳನ್ನ ಬಿಡೋಕೆ ಶುರು ಮಾಡಿದ್ಮೇಲೇ ಇದೆಲ್ಲಾ ಸಾಧ್ಯ ಆಗಿದ್ದು. 2017ರಲ್ಲಿ ವೆಡೆಲ್ ಸಮುದ್ರದೊಳಗಿನ ಬೆಟ್ಟ ಮಾಡ್ ರೈಸ್ ಹತ್ರ ಐಸ್ ಮಧ್ಯೆ ದೊಡ್ಡ ಕಂಡಿ ತೆರ್ಕೊಂಡಾಗ ಅಲ್ಲೇ ಇದ್ದ ಫ್ಲೋಟ್‌ಗಳು ಚಳಿಗಾಲ ಮುಗಿಯೋ ಮುಂಚೆನೇ ಮೇಲೆ ಬಂದು ಡೇಟಾ ಕಳಿಸಿದ್ವು, 1970ರ ದಶಕದಲ್ಲಿ ಅಂಥದೇ ಕಂಡಿ ತೆರೆದಾಗ ಇಂಥದ್ದೇನೂ ಇರ್ಲಿಲ್ಲ.

ಹಂಗಾಗಿ ಸಿಟ್ಟು ಇಳೀತು, ಆದ್ರೆ ಆ ಗೆರೆ ಜೊತೆ ರಾಜಿ ಆಗಿಲ್ಲ. ಈಗ ನಾನು ಫ್ಲ್ಯಾಗ್ 8 ಇರೋದನ್ನೆಲ್ಲಾ ಖಾಲಿ ವೃತ್ತ ಮಾಡ್ತೀನಿ, ಜಿಪಿಎಸ್ ಇರೋದು ತುಂಬಿದ ವೃತ್ತ. ಆ ನೀರಲ್ಲಿ ಪದರಗಳ ಸಾಂದ್ರತೆ ವ್ಯತ್ಯಾಸ ಕಮ್ಮಿ ಇರೋದ್ರಿಂದ ಪ್ರವಾಹ ತಳದ ಆಕಾರ ಹಿಡ್ಕೊಂಡೇ ಹೋಗೋದು ಜಾಸ್ತಿ, ಅದಕ್ಕೇ ನೇರ ಗೆರೆ ಬದ್ಲು ಒಂದೇ ಆಳದ ರೇಖೆ ಹಿಡಿದು ದಾರಿ ಊಹೆ ಮಾಡಿದ್ರೆ ನೆಲ ಕೊರೆಯೋ ಪ್ರೊಫೈಲ್ ಬಹುಪಾಲು ಮಾಯ. ಆದ್ರೂ ಅದು ಊಹೆನೇ. ಖಾಲಿ ವೃತ್ತಗಳ ಮೇಲೆ ಬಣ್ಣ ತುಂಬಿ ಚಳಿಗಾಲದ ಮ್ಯಾಪ್ ಅಂತ ತೋರಿಸೋರನ್ನ ನಾನು ನಂಬಲ್ಲ, ಕಾಲಕ್ಕೆ ತಕ್ಕಂತೆ ಏನಾಯ್ತು ಅನ್ನೋದಕ್ಕೆ ಆ ಪ್ರೊಫೈಲ್ ಬಂಗಾರ, ಯಾವ ಜಾಗದಲ್ಲಿ ಅನ್ನೋದಕ್ಕೆ ಅಲ್ಲ.

ಇನ್ನೊಂದು ವಿಷ್ಯ, ಲವಣಾಂಶ. ಬಿಸಿ ಸಮುದ್ರದಲ್ಲಿ ಸಾಂದ್ರತೆಯನ್ನ ಹೆಚ್ಚಾಗಿ ಉಷ್ಣತೆ ನಿರ್ಧರಿಸುತ್ತೆ, ಸೊನ್ನೆ ಡಿಗ್ರಿ ಹತ್ರದ ನೀರಲ್ಲಿ ಅದೆಲ್ಲಾ ಉಪ್ಪಿನ ಕೈಯಲ್ಲಿ. ಸೆನ್ಸರ್‌ನ ಲವಣಾಂಶದ ಅಳತೆ 0.01ರಷ್ಟು ತಪ್ಪಿದ್ರೂ ಅಲ್ಲಿ ಇಲ್ಲದ ಕಥೆ ಹುಟ್ಟುತ್ತೆ, ಆಳದ ನೀರು ಸಿಹಿಯಾಗ್ತಿದೆ ಅಂತಲೋ ಉಪ್ಪಾಗ್ತಿದೆ ಅಂತಲೋ. ತಕ್ಷಣ ಸಿಗೋ ರಿಯಲ್ ಟೈಮ್ ಡೇಟಾ ಕುತೂಹಲಕ್ಕೆ ಇಟ್ಕೊಳ್ಳಿ, ಮ್ಯಾಪ್‌ಗೆ ಮಾತ್ರ ತಜ್ಞರು ಆಮೇಲೆ ನೋಡಿ ತಿದ್ದಿದ ಡಿಲೇಡ್ ಮೋಡ್ ಡೇಟಾ ಬರೋ ತನಕ ತಡ್ಕೊಳ್ಳಿ.

ಲೊಕೇಶನ್ನೇ ಮುಖ್ಯ ಅನ್ನೋರು ಜೊತೆಗೆ ಆನೆ ಸೀಲ್‌ಗಳ ತಲೆಗೆ ಅಂಟಿಸಿದ ಟ್ಯಾಗ್‌ಗಳ ಡೇಟಾನೂ ತಗೊಳ್ಳಿ. ಉಸಿರಾಡೋಕೆ ಅವು ಐಸ್ ಸಂದಿಯಲ್ಲಿ ಮೇಲೆ ಬರ್ಲೇಬೇಕು, ಸ್ಯಾಟಲೈಟ್ ಆಗ ಹಿಡಿಯುತ್ತೆ, ಕೆಲವು ಕಿಲೋಮೀಟರ್ ಒಳಗೆ ಎಲ್ಲಿದ್ವು ಅಂತ ಗೊತ್ತಾಗುತ್ತೆ. ಪೂರ್ವ ಅಂಟಾರ್ಕ್ಟಿಕಾ ತೀರದ ಕೇಪ್ ಡಾರ್ನ್‌ಲಿ ಹತ್ರ ಅಂಟಾರ್ಕ್ಟಿಕ್ ತಳದ ನೀರು (ಸಮುದ್ರದ ತಳಕ್ಕೆ ಇಳಿಯೋ ತಣ್ಣನೆಯ ಭಾರದ ನೀರು) ಹುಟ್ತಿದೆ ಅಂತ 2013ರಲ್ಲಿ ತೋರಿಸಿದ್ದರಲ್ಲಿ ಸೀಲ್‌ಗಳ ಪಾಲೂ ಇದೆ. ಅವುಗಳ ಲವಣಾಂಶ ಫ್ಲೋಟ್‌ನಷ್ಟು ನಿಖರ ಅಲ್ಲ, ನೈಟ್ರೇಟ್, ಪಿಎಚ್ ಸಿಗಲ್ಲ.

ನಾನಂತೂ ಐದಕ್ಕೆ ನಾಲ್ಕು ಕೊಡ್ತೀನಿ, ಯಾಕಂದ್ರೆ ನನ್ನ ಆಸಕ್ತಿ ಋತು ಬದಲಾದಂಗೆ ನೀರು ಹೆಂಗೆ ಬದಲಾಗುತ್ತೆ ಅನ್ನೋದು. ನಿಮಗೆ ಬೇಕಾಗಿರೋದು ಚಳಿಗಾಲದ ಪ್ರವಾಹದ ಮ್ಯಾಪ್ ಆದ್ರೆ ಎರಡೂವರೆ ಅಂತ ಇಟ್ಕೊಳ್ಳಿ. ವೆಡೆಲ್ ಸಮುದ್ರದಲ್ಲಿ ತಳಕ್ಕೆ ಕಟ್ಟಿದ ಶಬ್ದದ ಬೀಕನ್‌ಗಳಿದ್ವಲ್ಲ, ಅದನ್ನ ಕೇಳ್ಕೊಂಡ ಫ್ಲೋಟ್‌ಗಳು ಐಸ್ ಕೆಳಗೂ ಎಲ್ಲಿದ್ವು ಅಂತ ಲೆಕ್ಕ ಹಾಕ್ಬಹುದು. ಅಂಥದ್ದು ಅಂಟಾರ್ಕ್ಟಿಕಾ ಸುತ್ತಲೂ ಹಾಕಿದ್ರೆ ಉಳಿದ ಒಂದು ಮಾರ್ಕೂ ನನ್ನ ಕಡೆಯಿಂದ ಅವತ್ತೇ ಸಿಗುತ್ತೆ.