ಏಸಿ ಕೆಲಸ ಕಲಿಯಲು ಕೋರ್ಸಾ, ಅಪ್ರೆಂಟಿಸ್ಸಾ? ಎರಡೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಪ್ರೆಂಟಿಸ್‌ಗೆ. ಕೂಡಿಟ್ಟ ಹಣವೆಲ್ಲ ಸುರಿದು 3 ತಿಂಗಳ ಕೋರ್ಸ್ ಮಾಡಿದೆ. ಸರ್ಟಿಫಿಕೇಟ್ ಹಿಡಿದು ಕೆಲಸಕ್ಕೂ ಸೇರಿದೆ. ಕೊನೆಗೆ ಅಪ್ರೆಂಟಿಸ್ ಆಗಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಆ ಸಿಟ್ಟು ಇಲ್ಲಿ ಸ್ವಲ್ಪ ಇಣುಕಿದರೆ ಕ್ಷಮಿಸಿ.

ಕೋರ್ಸ್ ಪೂರ್ತಿ ದಂಡ ಅಂತಲ್ಲ. ಗ್ಯಾಸ್ ಎಲ್ಲಿ ಬಿಸಿಯಾಗುತ್ತೆ, ಎಲ್ಲಿ ತಣ್ಣಗಾಗುತ್ತೆ ಅನ್ನೋದು ತಲೆಗೆ ಹೊಕ್ಕಿದ್ದು ಅಲ್ಲೇ. ವೈರಿಂಗ್ ಚಿತ್ರ ಓದಲು ಬಂದದ್ದೂ ಅಲ್ಲೇ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಹುದು ಅಂತ ಹೇಳಿಕೊಟ್ಟರಲ್ಲ, ಅದೊಂದಕ್ಕೆ ಇವತ್ತಿಗೂ ಋಣಿ.

ನನ್ನನ್ನು ಮುಳುಗಿಸಿದ್ದು ವ್ಯಾಕ್ಯೂಮ್, ಅಂದರೆ ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ಪಸೆಯನ್ನು ಪಂಪಿನಿಂದ ಎಳೆದು ತೆಗೆಯುವುದು. ಕ್ಲಾಸಿನಲ್ಲಿ ಹೇಳಿದ್ದು ಇಷ್ಟೇ: ಪಂಪ್ ಹಾಕು, ಗೇಜಿನ ಮುಳ್ಳು ಪೂರ್ತಿ ಕೆಳಗಿಳಿಯಲಿ, 15 ನಿಮಿಷ ಕಾಯಿ, ಗ್ಯಾಸ್ ಬಿಡು. ನಾನೊಬ್ಬನೇ ಕೂರಿಸಿದ ಮೊದಲ ಏಸಿಗೂ ಹಾಗೇ ಮಾಡಿದೆ. ಮುಳ್ಳು ಚೆನ್ನಾಗಿಯೇ ಇಳಿಯಿತು. ಕೆಲವು ವಾರಕ್ಕೆ ಫೋನು, ತಂಪೇ ಆಗ್ತಿಲ್ಲ ಅಂತ. ಗ್ಯಾಸ್ ತುಂಬಿ ಬಂದೆ. ಮತ್ತೆ ಫೋನು. ಮೂರನೇ ಸಲ ನನ್ನ ಜೊತೆ ಹಿರಿಯ ಟೆಕ್ನಿಷಿಯನ್ ಒಬ್ಬರು ಬಂದರು. ಸೋಪಿನ ನೀರು ಹಚ್ಚಿದರೆ ಫ್ಲೇರ್ ನಟ್ (ಪೈಪಿನ ಅಗಲಿಸಿದ ಬಾಯನ್ನು ಬಿಗಿಯುವ ನಟ್) ಹತ್ತಿರ ಸಣ್ಣ ಗುಳ್ಳೆ. ಪೈಪ್ ಕತ್ತರಿಸಿದಾಗ ಅಂಚಿನ ತರಿ ತೆಗೆಯದೇ ಫ್ಲೇರ್ ಮಾಡಿದ್ದೆ.

ಗೇಜ್ ಯಾಕೆ ಹೇಳಲಿಲ್ಲ? ಅಷ್ಟು ಸಣ್ಣ ವ್ಯತ್ಯಾಸ ಗೇಜಿಗೆ ಕಾಣುವುದೇ ಇಲ್ಲ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 7,60,000 ಮೈಕ್ರಾನ್ (ಒತ್ತಡದ ತೀರಾ ಸಣ್ಣ ಅಳತೆ). ಪಂಪ್ ಅದನ್ನು 500ಕ್ಕಿಂತ ಕೆಳಗೆ ತರಬೇಕು. 5,000 ಇದ್ದರೂ 500 ಇದ್ದರೂ ಮಾಮೂಲಿ ಗೇಜಿನ ಮುಳ್ಳು ಒಂದೇ ಜಾಗದಲ್ಲಿ ನಿಂತಿರುತ್ತದೆ! ಆ ಹಿರಿಯರು ತಮ್ಮ ಚೀಲದಿಂದ ಮೈಕ್ರಾನ್ ಗೇಜ್ ತೆಗೆದು ಜೋಡಿಸಿದರು. 500 ದಾಟಿ ಇಳಿದ ಮೇಲೆ ವಾಲ್ವ್ ಮುಚ್ಚಿ ಸುಮ್ಮನೆ ಕೂತರು. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ನೀರಿನ ಪಸೆ ಇದೆ. ನಿಲ್ಲದೆ ಏರುತ್ತಲೇ ಹೋದರೆ ಲೀಕ್. ಇಷ್ಟು ಹೇಳಿಕೊಡಲು 10 ನಿಮಿಷ ಸಾಕಿತ್ತು ಅಲ್ವಾ? ಆ ಪಸೆಯನ್ನು ಹಗುರವಾಗಿ ತಗೊಳ್ಳುವಂತಿಲ್ಲ. ಆರ್-410ಎ (ಏಸಿಗೆ ತುಂಬುವ ಒಂದು ಗ್ಯಾಸ್) ಯೂನಿಟ್‌ನ ಕಂಪ್ರೆಸರ್‌ನಲ್ಲಿರುವ ಪಿಒಇ ಎಣ್ಣೆ ನೀರನ್ನು ಹೀರಿ ಆಮ್ಲವಾಗುತ್ತದೆ, ಆಮೇಲೆ ಕಂಪ್ರೆಸರ್‌ಗೆ ಕುತ್ತು.

ಅವರ ಕೈಕೆಳಗೇ ಅಪ್ರೆಂಟಿಸ್ ಆದೆ.

ಇಲ್ಲೂ ಎಲ್ಲ ಚೆಂದ ಅಲ್ಲ. ಮೊದಲ ತಿಂಗಳುಗಳು ಫಿಲ್ಟರ್ ತೊಳೆಯುವುದು, ಏಣಿ ಹಿಡಿಯುವುದು, ಸಿಲಿಂಡರ್ ಹೊರುವುದು, ಅಷ್ಟೇ. ಲಾಗ್‌ಬುಕ್‌ಗೆ ಸಹಿ ಹಾಕಿಸಿಕೊಳ್ಳುವುದು ಬೇರೆ ತಲೆನೋವು.

ಬ್ರೇಜಿಂಗ್‌ನಲ್ಲಿ, ಅಂದರೆ ಪೈಪ್ ಕಾಯಿಸಿ ಬೆಸುಗೆ ಹಾಕುವುದರಲ್ಲಿ, ಹೋಲಿಕೆಯೇ ಇಲ್ಲ. ಕೋರ್ಸಿನಲ್ಲಿ ನನ್ನ ಜೋಡಣೆಗೆ ಶಭಾಷ್ ಸಿಕ್ಕಿತ್ತು. ಇವರು ಅಂಥದ್ದೇ ಒಂದನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆಲ್ಲ ಕರಿ ಹೊಪ್ಪಳೆ. ಪೈಪಿನೊಳಗೆ ನೈಟ್ರೋಜನ್ ಹರಿಸದೆ ಬೆಂಕಿಯಿಂದ ಕಾಯಿಸಿದರೆ ಹಾಗೇ ಆಗುವುದು. ಅದು ಕಿತ್ತುಬಂದು ಮುಂದೆ ಸಣ್ಣ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕೋರ್ಸಿನ ಮೆಷಿನ್ ಆರ್-22 ಅನ್ನೋ ಹಳೆ ಗ್ಯಾಸಿನ ಕಾಲದ್ದು. ಆರ್-410ಎ ಒತ್ತಡ ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ, ಆರ್-32 ಅನ್ನೋ ಇನ್ನೊಂದು ಗ್ಯಾಸ್ ಬೆಂಕಿ ಹಿಡಿಯಬಲ್ಲದು. ಎರಡನ್ನೂ ಮುಟ್ಟಿದ್ದು ಇಲ್ಲಿಗೆ ಬಂದ ಮೇಲೆ.

ಹೀಟಿಂಗ್ ಕಡೆ ಕೋರ್ಸಿನಲ್ಲಿ ಒಂದು ಚಿತ್ರ, ಅಷ್ಟೇ. ಚಳಿಯಲ್ಲಿ ಹೀಟ್ ಪಂಪ್ (ಕೋಣೆ ಬಿಸಿಯೂ ಮಾಡುವ ಏಸಿ) ಡಿಫ್ರಾಸ್ಟ್‌ಗೆ, ಅಂದರೆ ಹೊರಗೆ ಕಟ್ಟಿದ ಹಿಮ ಕರಗಿಸಲು, ಹೋಗಿ ಔಟ್‌ಡೋರ್ ಯೂನಿಟ್‌ನಿಂದ ಹಬೆ ಎದ್ದಾಗ, ಸುಟ್ಟೇ ಹೋಯಿತು ಅಂತ ಸ್ವಿಚ್ ಆರಿಸಲು ಓಡಿದವನು ನಾನೇ.

ನನಗೆ ಓದಿ ಕಲಿಯುವ ತಾಳ್ಮೆ ಇಲ್ಲ, ಕೈಗೆ ಕೊಟ್ಟರೆ ಕಲಿಯುತ್ತೇನೆ. ಫೀಸು ಕಟ್ಟಿ ಜೇಬೂ ಖಾಲಿ. ಅಪ್ರೆಂಟಿಸ್‌ಗೆ ತಿಂಗಳಿಗೆ ಇಷ್ಟು ಅಂತ ಕೈಗೆ ಬರುವುದು ಚಿಕ್ಕ ಮೊತ್ತವಾದರೂ ನನಗೆ ಅದೇ ದೊಡ್ಡದು. ಆಗಲೇ ಎಲೆಕ್ಟ್ರಿಕಲ್ ಕೆಲಸ ಗೊತ್ತಿದ್ದು, ಹಗಲು ಬೇರೆ ದುಡಿಮೆ ಇರುವವರಿಗೆ ಸಂಜೆ ಕೋರ್ಸ್ ಹೊಂದಬಹುದು.

ಅಪ್ರೆಂಟಿಸ್ ಆಗುವವರು ಸೇರುವ ಮೊದಲು ಒಂದು ಮಾತು ಕೇಳಿ: ನಿಮ್ಮ ಹತ್ತಿರ ಮೈಕ್ರಾನ್ ಗೇಜ್ ಇದೆಯಾ? ‘ಅದೆಲ್ಲ ಯಾಕೆ’ ಅಂದರೆ ಬೇರೆ ಕಡೆ ನೋಡಿಕೊಳ್ಳಿ.